ಬ್ಲಾಗ್ ಶುರು ಮಾಡುವವರಿಗೆ ನಿಜಕ್ಕೂ ಬೇಕಾಗುವ ಉಚಿತ ಟೂಲ್‌ಗಳು ಯಾವುವು?

ತಾರೆಎಣಿಕೆ:

ಎಲ್ಲರಿಗೂ ನಮಸ್ಕಾರ. ನನಗೆ ಆಕಾಶ ನೋಡುವ ಹುಚ್ಚು. ಚಂದ್ರನ ಕುಳಿಗಳು, ಗುರುವಿನ ಸುತ್ತ ದಿನಾ ಜಾಗ ಬದಲಿಸುವ ನಾಲ್ಕು ದೊಡ್ಡ ಉಪಗ್ರಹಗಳು, ಉಲ್ಕೆ ಸುರಿಯುವ ರಾತ್ರಿಗಳು, ಇದನ್ನೆಲ್ಲ ಕನ್ನಡದಲ್ಲಿ ಬರೆದು ಬ್ಲಾಗಿಗೆ ಹಾಕಬೇಕು ಅಂತ ಬಹಳ ದಿನದ ಆಸೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಸಾಕಷ್ಟಿದೆ. ಟೆಲಿಸ್ಕೋಪಿಗೆ ಫೋನ್ ಹಿಡಿದು ತೆಗೆದ ಫೋಟೋಗಳೂ ಇವೆ.

ತಲೆ ಕೆಡುತ್ತಿರುವುದು ಟೂಲ್‌ಗಳ ವಿಷಯದಲ್ಲಿ. ಹುಡುಕಿದರೆ "ಬ್ಲಾಗರ್‌ಗಳಿಗೆ 50 ಉಚಿತ ಟೂಲ್‌ಗಳು" ಅನ್ನುವಂಥ ಪಟ್ಟಿಗಳೇ ಸಿಗುತ್ತವೆ. ತೆರೆದು ನೋಡಿದರೆ ಅರ್ಧಕ್ಕರ್ಧ ಒಂದು ವಾರ ಉಚಿತ, ಆಮೇಲೆ ಕಾರ್ಡ್ ನಂಬರ್ ಕೊಡಿ ಅನ್ನುವವು. ಇನ್ನರ್ಧ ಯಾಕೆ ಬೇಕು ಅಂತಲೇ ಅರ್ಥವಾಗುವುದಿಲ್ಲ.

ಬ್ಲಾಗನ್ನು ಎಲ್ಲಿ ಇಡಲಿ? ಒಂದೊಂದು ಫೋಟೋ 6-8 ಎಂಬಿ ಇದೆ, ಅದನ್ನು ಏನು ಮಾಡಲಿ? ಕನ್ನಡ ಅಕ್ಷರ ಎಲ್ಲರ ಫೋನಿನಲ್ಲೂ ಚೆನ್ನಾಗಿ ಕಾಣಬೇಕಾದರೆ ಏನು ಮಾಡಬೇಕು? ಸದ್ಯಕ್ಕೆ ಹಣ ಹಾಕುವ ಯೋಚನೆ ಇಲ್ಲ. ನೀವು ನಿಜವಾಗಿ ಬಳಸುವುದನ್ನೇ ಹೇಳಿ, ಪ್ಲೀಸ್.

ಹಳೇಪುಟ:

ಒಳ್ಳೆಯ ವಿಷಯ ಹಿಡಿದಿದ್ದೀರಿ. ದಯವಿಟ್ಟು ಶುರು ಮಾಡಿ, ಓದಲು ನಾನಂತೂ ಬರುತ್ತೇನೆ.

ಬ್ಲಾಗ್ ಬರೆಯಲು ಶುರು ಮಾಡಿ ನನಗೆ ಬಹಳ ವರ್ಷಗಳಾದವು. ಯಾವ ಉಚಿತ ಟೂಲ್ ಎದುರಿಗೆ ಬಂದರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾಳೆ ಇದನ್ನು ಬಿಟ್ಟು ಹೊರಟರೆ ನನ್ನ ಬರಹ ನನ್ನ ಜೊತೆ ಬರುತ್ತದಾ? ಬರುವುದಾದರೆ ಮಾತ್ರ ಮುಂದಿನ ಮಾತು. ಎಷ್ಟು ಚೆಂದ ಇದೆ, ಎಷ್ಟು ಸೌಲಭ್ಯ ಇದೆ ಅನ್ನುವುದು ಆಮೇಲೆ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಜಿಯೋಸಿಟೀಸ್ ಅನ್ನುವ ಉಚಿತ ತಾಣದಲ್ಲಿ ಅಸಂಖ್ಯ ಜನ ತಮ್ಮ ಪುಟ ಕಟ್ಟಿಕೊಂಡಿದ್ದರು. 2009ರಲ್ಲಿ ಅಮೆರಿಕದಲ್ಲಿ ಅದು ಮುಚ್ಚಿತು. ಬ್ಲಾಗ್ ಓದುವವರ ಅಚ್ಚುಮೆಚ್ಚಿನ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. 2019ರಲ್ಲಿ ಗೂಗಲ್ ಪ್ಲಸ್ ಹೋಯಿತು. ಉಚಿತ ಸೇವೆ ಯಾವತ್ತೂ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ ಅಲ್ವಾ? ಆದರೆ ನಕಲು ಕೈಯಲ್ಲಿದ್ದವರು ಬೇರೆ ಕಡೆ ಹೋಗಿ ಮತ್ತೆ ಶುರು ಮಾಡಿದರು.

ಈ ಲೆಕ್ಕದಲ್ಲಿ ನಿಮಗೆ ನನ್ನ ಸಲಹೆ ಬ್ಲಾಗರ್. ಹೌದು, ಅದೇ ಹಳೆಯ ಬ್ಲಾಗ್‌ಸ್ಪಾಟ್. 1999ರಲ್ಲಿ ಪೈರಾ ಲ್ಯಾಬ್ಸ್ ಶುರು ಮಾಡಿತು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ನೋಡಲು ಅಂಥಾ ಹೊಸತನ ಇಲ್ಲ ನಿಜ. ಆದರೆ ಜಾಹೀರಾತು ಹಾಕಲೇಬೇಕು ಅನ್ನುವ ಒತ್ತಾಯ ಇಲ್ಲ, ಟೆಂಪ್ಲೇಟಿನ ಕೋಡ್ ಪೂರ್ತಿ ತಿದ್ದಬಹುದು. ಸೆಟ್ಟಿಂಗ್ಸಿನಲ್ಲಿ ಬ್ಯಾಕಪ್ ಆಯ್ಕೆ ಇದೆ. ಅಲ್ಲಿಂದ ಎಲ್ಲ ಬರಹ, ಎಲ್ಲ ಕಾಮೆಂಟ್ ಕಡತವಾಗಿ ಇಳಿಸಿಕೊಳ್ಳಬಹುದು. ಆ ಕಡತವನ್ನು ವರ್ಡ್‌ಪ್ರೆಸ್ಸಿಗೆ ಹಾಕಲೂ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ: ಅದರಲ್ಲಿ ಫೋಟೋಗಳ ವಿಳಾಸ ಇರುತ್ತದೆ, ಫೋಟೋ ಇರುವುದಿಲ್ಲ. ಮೂಲ ಫೋಟೋಗಳನ್ನು ನಿಮ್ಮ ಹತ್ತಿರವೇ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ, ಬರಹದ ಹೆಸರಿನಲ್ಲೇ.

ವರ್ಡ್‌ಪ್ರೆಸ್ ಬಗ್ಗೆ ಎಲ್ಲರಿಗೂ ಒಂದು ಗೊಂದಲ ಇರುತ್ತದೆ. ಡಾಟ್ ಆರ್ಗ್ ಅನ್ನುವುದು ತಂತ್ರಾಂಶ. 2003ರಲ್ಲಿ ಬಂದದ್ದು, ಪೂರ್ತಿ ಮುಕ್ತ, ಆದರೆ ಅದನ್ನು ಇಡಲು ಸರ್ವರ್ ಬೇಕು, ಅದಕ್ಕೆ ಸಾಮಾನ್ಯವಾಗಿ ಹಣ ಬೇಕು. ಡಾಟ್ ಕಾಮ್ ಅನ್ನುವುದು ಅದೇ ತಂತ್ರಾಂಶವನ್ನು ತಮ್ಮ ಸರ್ವರಿನಲ್ಲಿ ಇಟ್ಟು ಕೊಡುವ ಸೇವೆ. ಅದರ ಉಚಿತ ಖಾತೆಯಲ್ಲಿ ನಿಮ್ಮ ಪುಟದ ಮೇಲೆ ಅವರ ಜಾಹೀರಾತು ಬರುತ್ತದೆ. ಬರೆಯುವ ಪರದೆ ಮಾತ್ರ ಬ್ಲಾಗರ್‌ಗಿಂತ ಎಷ್ಟೋ ಚೆನ್ನಾಗಿದೆ. ಎರಡರಲ್ಲೂ ಪ್ರಯೋಗಕ್ಕೆ ಒಂದೊಂದು ಪೋಸ್ಟ್ ಹಾಕಿ ನೋಡಿ, ಕೈಗೆ ಯಾವುದು ಹಿಡಿಸುತ್ತದೋ ಅದು.

ಇನ್ನೊಂದು ಮಾತು. ಬ್ಲಾಗಿನ ಪೆಟ್ಟಿಗೆಯೊಳಗೆ ನೇರವಾಗಿ ಬರೆಯಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಬರೆದು ಆಮೇಲೆ ಅಂಟಿಸಿ. ಲಿಬ್ರೆಆಫೀಸ್ ಸಾಕು, ಸಾದಾ ನೋಟ್‌ಪ್ಯಾಡ್ ಇನ್ನೂ ಒಳ್ಳೆಯದು. ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಆಗ ಬರೀ ಅಕ್ಷರ ಬರುತ್ತದೆ. ಸುಮ್ನೆ ಅಂಟಿಸಿದರೆ ವರ್ಡ್ ಕಡತದ ಫಾಂಟ್, ಬಣ್ಣ, ಅಳತೆ ಎಲ್ಲ ಕೋಡಿನೊಳಗೆ ಅಡಗಿ ಬರುತ್ತವೆ. ಒಂದು ಪ್ಯಾರಾ ದಪ್ಪ, ಇನ್ನೊಂದು ಸಣ್ಣ ಕಾಣುವ ಬ್ಲಾಗುಗಳನ್ನು ನೋಡಿರಬೇಕು ನೀವು. ಬಹಳ ಸಲ ಕಾರಣ ಇದೇ.

ಕೋಡುಗಲ್ಲು:

ಹಳೇಪುಟ ಅವರು ಹೇಳಿದ ಪರೀಕ್ಷೆಯನ್ನು ನಾನೂ ಒಪ್ಪುತ್ತೇನೆ. ಅದೇ ಕಾರಣಕ್ಕೆ ನನ್ನ ಆಯ್ಕೆ ಗಿಟ್‌ಹಬ್ ಪೇಜಸ್, ಅಂದರೆ ಕೋಡ್ ಇಡುವ ತಾಣವಾದ ಗಿಟ್‌ಹಬ್ ಪುಟ ಇಡಲು ಕೊಡುವ ಉಚಿತ ಸೇವೆ. ಬರಹಗಳೆಲ್ಲ ಮಾರ್ಕ್‌ಡೌನ್ ಅನ್ನುವ ಸಾದಾ ಅಕ್ಷರದ ಕಡತಗಳಾಗಿ ನನ್ನ ಕಂಪ್ಯೂಟರಿನಲ್ಲೇ ಇರುತ್ತವೆ. ಜೆಕಿಲ್ ಅಥವಾ ಹ್ಯೂಗೋ ಅನ್ನುವ ತಂತ್ರಾಂಶ ಅವನ್ನು ಪುಟಗಳಾಗಿ ಮಾಡುತ್ತದೆ. ಡೇಟಾಬೇಸ್ ಇಲ್ಲ, ಹ್ಯಾಕ್ ಆಗುವ ಪ್ಲಗಿನ್ ಇಲ್ಲ, ಪುಟ ಕಣ್ಣು ಮಿಟುಕಿಸುವುದರಲ್ಲಿ ತೆರೆಯುತ್ತದೆ. ತಾಣ 1 ಜಿಬಿ ಮೀರಬಾರದು ಅನ್ನುವ ಮಿತಿ ಇದೆ. ಫೋಟೋ ಕುಗ್ಗಿಸಿ ಹಾಕಿದರೆ ಅದು ಬೇಕಾದಷ್ಟಾಯಿತು.

ಕಡತಗಳ ಬದಲಾವಣೆಯ ಲೆಕ್ಕ ಇಡುವ ಗಿಟ್ ಅನ್ನುವ ಟೂಲ್ ಕಲಿಯಲು ತಾಳ್ಮೆ ಬೇಕು, ಕಾಮೆಂಟ್ ವ್ಯವಸ್ಥೆ ಬೇರೆ ಜೋಡಿಸಬೇಕು. ಕೋಡ್ ಅಂದರೆ ಬೇಜಾರು ಅನ್ನುವವರಿಗೆ ಇದು ಬೇಡ.

ಬೆಳಕಿಂಡಿ:

ಫೋಟೋ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ನನ್ನ ಪ್ರೀತಿಯ ವಿಷಯ ಅದು.

8 ಎಂಬಿ ಫೋಟೋವನ್ನು ಹಾಗೇ ಏರಿಸಬೇಡಿ. ನಿಧಾನ ನೆಟ್ ಇರುವವರು ಚಂದ್ರ ಮೂಡುವ ತನಕ ಕಾಯುವುದಿಲ್ಲ, ಪುಟ ಮುಚ್ಚಿ ಹೋಗುತ್ತಾರೆ. ಸ್ಕ್ವೂಶ್ ಅಂತ ಒಂದು ಟೂಲ್ ಇದೆ. ಗೂಗಲ್ ಕ್ರೋಮ್ ತಂಡದವರು 2018ರಲ್ಲಿ ಮಾಡಿದ್ದು. ಖಾತೆ ಬೇಡ, ಇನ್‌ಸ್ಟಾಲ್ ಬೇಡ. ಫೋಟೋ ಯಾವ ಸರ್ವರಿಗೂ ಹೋಗುವುದಿಲ್ಲ, ಎಲ್ಲ ಕೆಲಸ ನಿಮ್ಮ ಬ್ರೌಸರಿನೊಳಗೇ ಆಗುತ್ತದೆ. ನಡುವೆ ಒಂದು ಗೆರೆ ಇರುತ್ತದೆ. ಅದನ್ನು ಎಳೆದರೆ ಎಡಕ್ಕೆ ಮೂಲ ಚಿತ್ರ, ಬಲಕ್ಕೆ ಕುಗ್ಗಿಸಿದ್ದು. ಎಲ್ಲಿ ಕೆಡುತ್ತಿದೆ ಅಂತ ಕಣ್ಣಾರೆ ನೋಡಬಹುದು.

ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ. ಕಡತದ ಬಗೆ ವೆಬ್‌ಪಿ (ಜೆಪೆಗ್ ಥರದ್ದೇ, ತೂಕ ಕಡಿಮೆ) ಆರಿಸಿ, ಗುಣಮಟ್ಟ 75ರಿಂದ 80. ಹೆಚ್ಚಿನ ಫೋಟೋಗಳು ಕೆಲವು ನೂರು ಕೆಬಿಗೆ ಬರುತ್ತವೆ. ಆದರೆ ನಿಮ್ಮದು ರಾತ್ರಿ ಆಕಾಶ, ಇಲ್ಲಿ ಸ್ವಲ್ಪ ಜೋಪಾನ ಬೇಕು. ಕಪ್ಪಿನಿಂದ ಕಡು ನೀಲಿಗೆ ಮೆಲ್ಲಗೆ ತಿರುಗುವ ಕಡೆ ಜಾಸ್ತಿ ಕುಗ್ಗಿಸಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಮಸುಕು ನಕ್ಷತ್ರಗಳು ಮಾಯವೇ ಆಗಬಹುದು. ಸಂಜೆಗತ್ತಲ ಚಿತ್ರಗಳಿಗೆ ಗುಣಮಟ್ಟ 85-90ಕ್ಕೆ ಏರಿಸಿ. ಚಂದ್ರನ ಚಿತ್ರಕ್ಕೆ ಆ ತೊಂದರೆ ಕಡಿಮೆ, ಸುತ್ತಲಿನ ಕಪ್ಪನ್ನು ಕತ್ತರಿಸಿದರೆ ತೂಕವೂ ಸ್ವಲ್ಪ ಇಳಿಯುತ್ತದೆ.

ಒಂದು ರಾಶಿ ಫೋಟೋ ಒಟ್ಟಿಗೆ ಮಾಡಬೇಕಾದರೆ ಎಕ್ಸ್‌ಎನ್‌ಕನ್ವರ್ಟ್ ನೋಡಿ, ಸ್ವಂತ ಬಳಕೆಗೆ ಉಚಿತ. ಬಣ್ಣ, ಬೆಳಕು ತಿದ್ದಲು ಗಿಂಪ್. 1996ರಿಂದ ಇರುವ ಮುಕ್ತ ತಂತ್ರಾಂಶ ಅದು. ಬ್ರೌಸರಿನಲ್ಲೇ ತಿದ್ದುವವರಿಗೆ ಫೋಟೋಪಿಯಾ ಇದೆ.

ಇದನ್ನು ದಯವಿಟ್ಟು ಮರೆಯಬೇಡಿ. ಫೋನಿನಲ್ಲಿ ತೆಗೆದ ಫೋಟೋದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು. ನೀವು ಮನೆಯ ಮಾಳಿಗೆಯಿಂದಲೇ ತಾನೇ ಜಾಸ್ತಿ ತೆಗೆಯುವುದು? ಹಾಗೇ ಹಾಕಿದರೆ ಮನೆ ಎಲ್ಲಿ ಅಂತ ಊರಿಗೆಲ್ಲ ಹೇಳಿದ ಹಾಗೆ. ಸ್ಕ್ವೂಶಿನಲ್ಲಿ ಉಳಿಸಿದ ಚಿತ್ರದಲ್ಲಿ ಆ ಮಾಹಿತಿ ಉಳಿಯುವುದಿಲ್ಲ. ಬೇರೆ ಟೂಲ್ ಬಳಸಿದರೆ ಫೋಟೋದೊಳಗಿನ ಮಾಹಿತಿ ತೋರಿಸುವ ಎಕ್ಸಿಫ್‌ಟೂಲ್ ಹಾಕಿ ಒಮ್ಮೆ ನೋಡಿಬಿಡಿ.

ಬೇರೆಯವರ ಚಿತ್ರ ಬೇಕಾದಾಗ ನಿಮ್ಮ ವಿಷಯದವರು ಪುಣ್ಯವಂತರು. ನಾಸಾ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ. ಕೃಪೆ ಅಂತ ಹೆಸರು ಹಾಕಿ, ಅವರ ಲಾಂಛನ ಮಾತ್ರ ಬಳಸಬೇಡಿ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎಯ ಹಬಲ್ ದೂರದರ್ಶಕದ ತಾಣದ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಪರವಾನಗಿಯಲ್ಲಿವೆ, ಅಂದರೆ ಹೆಸರು ಹಾಕಿದರೆ ಬಳಸಬಹುದು. ಆದರೆ 1995ರಿಂದ ನಾಸಾ ತಾಣದಲ್ಲಿ ದಿನಕ್ಕೊಂದರಂತೆ ಬರುವ ಖಗೋಳ ಚಿತ್ರಗಳಿವೆಯಲ್ಲ, ಅಲ್ಲಿ ಹುಷಾರು. ಅವುಗಳಲ್ಲಿ ಎಷ್ಟೋ ಚಿತ್ರ ಬೇರೆ ಬೇರೆ ಛಾಯಾಗ್ರಾಹಕರವು, ಹಕ್ಕು ಅವರದೇ. ಚಿತ್ರದ ಕೆಳಗಿನ ಸಾಲನ್ನು ಓದದೆ ತೆಗೆದುಕೊಳ್ಳಬೇಡಿ.

ಉಳಿದದ್ದಕ್ಕೆ ವಿಕಿಮೀಡಿಯಾ ಕಾಮನ್ಸ್, ಓಪನ್‌ವರ್ಸ್. ಇಲ್ಲಿ ಪರವಾನಗಿ ಚಿತ್ರದ ಪಕ್ಕದಲ್ಲೇ ಇರುತ್ತದೆ. ಎನ್‌ಡಿ ಅಂತ ಇದ್ದರೆ ತಿದ್ದಿದ ಚಿತ್ರವನ್ನು ಹಂಚುವಂತಿಲ್ಲ. ಎಸ್‌ಎ ಅಂತ ಇದ್ದರೆ ನೀವು ತಿದ್ದಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಗೂಗಲ್ ಇಮೇಜಸ್ಸಿನಿಂದ ಎತ್ತಿಕೊಂಡು "ಚಿತ್ರಕೃಪೆ: ಇಂಟರ್ನೆಟ್" ಅಂತ ಬರೆಯುವ ಅಭ್ಯಾಸ ಮಾತ್ರ ಬೇಡವೇ ಬೇಡ. ಆ ಚಿತ್ರಕ್ಕಾಗಿ ಒಬ್ಬರು ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾರೆ. ಅದು ನಿಮಗೇ ಚೆನ್ನಾಗಿ ಗೊತ್ತಿದೆ.

ನಕ್ಷತ್ರಪುಂಜದ ನಕ್ಷೆಗೆ ಸ್ಟೆಲ್ಲೇರಿಯಂ ಇದ್ದೇ ಇದೆ, ನೀವು ಈಗಾಗಲೇ ಬಳಸುತ್ತಿರಬೇಕು.

ಪುಟ್ಟಗೆರೆ:

ಕ್ಯಾನ್ವಾ ಯಾರೂ ಹೇಳಲಿಲ್ಲ. ಪೋಸ್ಟಿನ ಕೊಂಡಿ ಹಂಚಿದಾಗ ಕಾಣುವ ಚಿತ್ರಕ್ಕೆ ಅದರ ಉಚಿತ ಖಾತೆ ಸಾಕು. 1200 ಅಗಲ, 630 ಎತ್ತರ ಇಡಿ. ಕಿರೀಟದ ಗುರುತು ಇರುವುದೆಲ್ಲ ಹಣ ಕೊಡಬೇಕಾದದ್ದು, ಅದನ್ನು ಮುಟ್ಟದಿದ್ದರಾಯಿತು.

ಒತ್ತಕ್ಷರ:

ಕನ್ನಡದ ಭಾಗಕ್ಕೆ ಬರೋಣ. ಇದನ್ನು ಇಂಗ್ಲಿಷ್ ಪಟ್ಟಿಗಳು ಯಾವತ್ತೂ ಹೇಳುವುದಿಲ್ಲ.

ಟೈಪ್ ಮಾಡಲು ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇದೆ, ಸೆಟ್ಟಿಂಗ್ಸಿನಲ್ಲಿ ಸೇರಿಸಿಕೊಂಡರೆ ಸಾಕು. ಫೋನಿನಲ್ಲಿ ಜಿಬೋರ್ಡ್. ನೋಟ್‌ಬುಕ್ಕಿನಲ್ಲಿ ಬರೆದದ್ದು ಜಾಸ್ತಿ ಇದೆ ಅಂದಿರಲ್ಲ, ಅದಕ್ಕೆ ಗೂಗಲ್ ಡಾಕ್ಸಿನ ಧ್ವನಿ ಟೈಪಿಂಗ್ ಪ್ರಯತ್ನಿಸಿ. ಕ್ರೋಮಿನಲ್ಲಿ ತೆರೆದು, ಭಾಷೆ ಕನ್ನಡ ಅಂತ ಆರಿಸಿ, ನೋಟ್‌ಬುಕ್ ಎದುರಿಗಿಟ್ಟುಕೊಂಡು ನಿಧಾನಕ್ಕೆ ಓದುತ್ತಾ ಹೋಗಿ. ವಿರಾಮ ಚಿಹ್ನೆಗಳನ್ನು ಆಮೇಲೆ ಕೈಯಾರೆ ಹಾಕಬೇಕಾಗುತ್ತದೆ, ಗ್ರಹಗಳ ಹೆಸರು ಅಲ್ಲಲ್ಲಿ ತಪ್ಪುತ್ತದೆ. ಆದರೂ ಎಷ್ಟೋ ಶ್ರಮ ಉಳಿಯುತ್ತದೆ.

ನುಡಿ ಅಥವಾ ಬರಹ ಅನ್ನುವ ಹಳೆಯ ಕನ್ನಡ ತಂತ್ರಾಂಶದಲ್ಲಿ, ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದು ಏನಾದರೂ ಇದ್ದರೆ ಅದನ್ನು ಹಾಗೇ ಅಂಟಿಸಬೇಡಿ. ಓದುವವರಿಗೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ಸಾಮಾನ್ಯವಾಗಿ ಎಡವುವುದು ಅಲ್ಲೇ.

ಈಗ ಎಲ್ಲರೂ ಕಡೆಗಣಿಸುವ ಸಂಗತಿ, ಪೋಸ್ಟಿನ ವಿಳಾಸ. ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದು ವಿಳಾಸಕ್ಕೆ ಶೀರ್ಷಿಕೆಯನ್ನು ಬಳಸುವುದಿಲ್ಲ. "ಬ್ಲಾಗ್-ಪೋಸ್ಟ್" ಅಂತ ಇಟ್ಟು ಹಿಂದೊಂದು ಸಂಖ್ಯೆ ಅಂಟಿಸುತ್ತದೆ. ಎಲ್ಲ ಪೋಸ್ಟಿಗೂ ಅದೇ ಕಥೆ. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡ ವಿಳಾಸ ಬರುತ್ತದೆ, ಆದರೆ ನಕಲು ಮಾಡಿ ಯಾರಿಗಾದರೂ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆ ಸರಪಳಿ ಆಗಿಬಿಡುತ್ತದೆ. ಕಾರಣ ಇದು: ಕನ್ನಡದ ಪ್ರತಿ ಚಿಹ್ನೆ ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ 3 ಅಕ್ಷರವಾಗುತ್ತದೆ. ಹಾಗಾಗಿ ಒಂದು ಚಿಹ್ನೆಗೆ 9. "ಚಂದ್ರ" (ಚ, ಸೊನ್ನೆ, ದ, ಅರ್ಧಾಕ್ಷರದ ಗುರುತು, ರ) ಅನ್ನುವಷ್ಟಕ್ಕೇ 45. ವರ್ಡ್‌ಪ್ರೆಸ್ ಈ ಭಾಗಕ್ಕೆ 200ರ ಮಿತಿ ಇಟ್ಟಿರುವುದರಿಂದ ಉದ್ದ ಶೀರ್ಷಿಕೆಗಳು ನಡುವೆಯೇ ತುಂಡಾಗುತ್ತವೆ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ರೋಮನ್ ಲಿಪಿಯ ಎರಡು ಮೂರು ಪದ ನೀವೇ ಹಾಕಿಬಿಡಿ. ಪ್ರಕಟಿಸಿದ ಮೇಲೆ ಬದಲಿಸಿದರೆ ಹಳೆಯ ಕೊಂಡಿಗಳು ಮುರಿಯುವ ಭಯ ಇರುತ್ತದೆ.

ಫಾಂಟಿಗೆ ಗೂಗಲ್ ಫಾಂಟ್ಸ್. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಎಲ್ಲವೂ ಮುಕ್ತ ಪರವಾನಗಿಯವು. ಉದ್ದ ಬರಹಕ್ಕೆ ನನಗೆ ನೋಟೋ ಸೆರಿಫ್ ಇಷ್ಟ. ಫಾಂಟಿಗಿಂತ ಮುಖ್ಯ ಸಾಲಿನ ಅಂತರ. ಹೆಚ್ಚಿನ ಟೆಂಪ್ಲೇಟುಗಳು ಇಂಗ್ಲಿಷ್ ಲೆಕ್ಕದಲ್ಲಿ 1.4 ಅಥವಾ 1.5 ಇಟ್ಟಿರುತ್ತವೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ಆ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.7 ಅಥವಾ 1.8 ಮಾಡಿ. ಎರಡೂ ಅಂಚು ಸಮ ಮಾಡುವ ಆಯ್ಕೆಯನ್ನು ತೆಗೆದುಬಿಡಿ. ನಮ್ಮ ಪದಗಳು ಉದ್ದ, ಫೋನ್ ಪರದೆಯ ಒಂದು ಸಾಲಿಗೆ ಮೂರು ನಾಲ್ಕು ಪದ ಹಿಡಿದರೆ ಹೆಚ್ಚು. ಅಂಚು ಸಮ ಮಾಡಲು ಹೋದರೆ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ.

ತಿದ್ದಲು ನಾನು ದಿನಾ ಬಳಸುವುದು ಎಡ್ಜ್ ಬ್ರೌಸರಿನ ಓದಿ ಹೇಳುವ ಸೌಲಭ್ಯ. ಅದರಲ್ಲಿ ಕನ್ನಡಕ್ಕೆ ಒಂದು ಹೆಣ್ಣು ದನಿ, ಒಂದು ಗಂಡು ದನಿ ಇದೆ. ಕರಡನ್ನು ಅದರಿಂದ ಓದಿಸಿ, ಕಣ್ಣು ಮುಚ್ಚಿ ಕೇಳಿ. ಬಿಟ್ಟುಹೋದ ದೀರ್ಘ, ಎರಡು ಸಲ ಬಂದ ಪದ, ಉಸಿರು ಕಟ್ಟಿಸುವ ಉದ್ದ ವಾಕ್ಯ, ಕಣ್ಣು ದಾಟಿಬಿಡುವ ಇವೆಲ್ಲ ಕಿವಿಗೆ ಸಿಕ್ಕಿಬೀಳುತ್ತವೆ. ಕನ್ನಡದಲ್ಲಿ ಬರೆಯುವ ಎಲ್ಲರೂ ಇದನ್ನು ಒಮ್ಮೆಯಾದರೂ ಮಾಡಿ ನೋಡಬೇಕು ಅಂತ ನನ್ನ ಆಸೆ.

ತಾರೆಎಣಿಕೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋಟೋದೊಳಗೆ ಮನೆಯ ಜಾಗ ಇರುತ್ತದೆ ಅನ್ನುವುದು ನಿಜಕ್ಕೂ ಗೊತ್ತಿರಲಿಲ್ಲ. ಬ್ಲಾಗರ್‌ನಲ್ಲೇ ಶುರು ಮಾಡುತ್ತೇನೆ.

ಇನ್ನೂ ಎರಡು ಕೇಳಬೇಕಿತ್ತು. ಜನ ಬರುತ್ತಿದ್ದಾರಾ ಅಂತ ತಿಳಿಯಲು ಏನು ಬಳಸಲಿ? ಹೊಸ ಪೋಸ್ಟ್ ಬಂದಾಗ ಓದುಗರಿಗೆ ತಿಳಿಸುವುದು ಹೇಗೆ? ಕಾಮೆಂಟಿನಲ್ಲಿ ಸ್ಪ್ಯಾಮ್ ಬರುತ್ತದೆ ಅಂತಲೂ ಕೇಳಿದ್ದೇನೆ.

ಹಳೇಪುಟ:

ಮೊದಲು ಗೂಗಲ್ ಸರ್ಚ್ ಕನ್ಸೋಲಿಗೆ ಬ್ಲಾಗನ್ನು ಸೇರಿಸಿ. ಎಲ್ಲ ಉಚಿತ ಟೂಲ್‌ಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಏನು ಹುಡುಕುತ್ತಾ ಬಂದರು ಅನ್ನುವುದನ್ನು ಅದು ತೋರಿಸುತ್ತದೆ. 16 ತಿಂಗಳ ಹಿಂದಿನ ತನಕದ ಲೆಕ್ಕ ಸಿಗುತ್ತದೆ. "ಶನಿಯ ಉಂಗುರ ಬರಿಗಣ್ಣಿಗೆ ಕಾಣುತ್ತದಾ" ಅಂತ ಹುಡುಕಿ ಜನ ನಿಮ್ಮ ಹತ್ತಿರ ಬರುತ್ತಿದ್ದಾರೆ ಅಂದುಕೊಳ್ಳಿ. ನಿಮ್ಮ ಪೋಸ್ಟಿನಲ್ಲಿ ಅದಕ್ಕೆ ನೇರ ಉತ್ತರ ಇಲ್ಲದಿದ್ದರೆ ಮುಂದೆ ಏನು ಬರೆಯಬೇಕು ಅಂತ ಓದುಗರೇ ಹೇಳಿಕೊಟ್ಟ ಹಾಗಾಯಿತು. ಸೇರಿಸಿದ ಮೇಲೆ ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೊಡಿ, ಬ್ಲಾಗರ್ ಅದನ್ನು ತಾನೇ ತಯಾರಿಸಿರುತ್ತದೆ. ಹೊಸ ಬ್ಲಾಗ್ ಹುಡುಕಾಟದಲ್ಲಿ ಕಾಣಲು ಸಮಯ ಹಿಡಿಯುತ್ತದೆ, ಗಾಬರಿಯಾಗಬೇಡಿ.

ಬಂದವರ ಎಣಿಕೆಗೆ ಬ್ಲಾಗರ್ ತೋರಿಸುವ ಅಂಕಿ ಪೂರ್ತಿ ನಂಬುವಂಥದ್ದಲ್ಲ, ಅದರಲ್ಲಿ ರೋಬೋಗಳೂ ಸೇರಿರುತ್ತವೆ. ಗೂಗಲ್ ಅನಾಲಿಟಿಕ್ಸ್ ಉಚಿತ. ಆದರೆ 2023ರ ಜುಲೈನಲ್ಲಿ ಹಳೆಯ ಆವೃತ್ತಿ ನಿಂತು ನಾಲ್ಕನೇ ಆವೃತ್ತಿಯೊಂದೇ ಉಳಿದ ಮೇಲೆ ಒಬ್ಬರೇ ಬರೆಯುವ ಬ್ಲಾಗಿಗೆ ಅದು ಭಾರ ಅನ್ನಿಸುತ್ತದೆ. ಗೋಟ್‌ಕೌಂಟರ್ ನೋಡಿ. ಕುಕೀ ಇಲ್ಲ, ಓದುಗರ ಬೆನ್ನು ಹತ್ತುವುದಿಲ್ಲ. ಯಾವ ಪುಟ, ಎಷ್ಟು ಸಲ, ಯಾವ ಕಡೆಯಿಂದ, ಇಷ್ಟು ಹೇಳುತ್ತದೆ. ನಮಗೆ ಅಷ್ಟೇ ಬೇಕಿರುವುದು.

ಹೊಸ ಪೋಸ್ಟಿನ ಸುದ್ದಿಗೆ ಆರ್‌ಎಸ್‌ಎಸ್ (ಹೊಸ ಪೋಸ್ಟುಗಳನ್ನು ತಾನೇ ಪಟ್ಟಿ ಮಾಡುವ ಕಡತ) ಇದ್ದೇ ಇದೆ, ಬ್ಲಾಗರ್ ತಾನೇ ಕೊಡುತ್ತದೆ. ಓದುಗರು ಫೀಡ್ಲಿ ಅಥವಾ ಇನೋರೀಡರ್ ಅನ್ನುವ ಓದುವ ಆಪ್‌ಗೆ ನಿಮ್ಮ ಬ್ಲಾಗಿನ ವಿಳಾಸ ಹಾಕಿದರೆ ಸಾಕು. ಇಮೇಲ್ ಕಥೆ ಬೇರೆ. ಮೊದಲು ಬ್ಲಾಗರ್‌ನಲ್ಲಿ ಇಮೇಲ್ ಚಂದಾ ಪೆಟ್ಟಿಗೆ ಇತ್ತು. ಅದು ಗೂಗಲ್‌ನ ಫೀಡ್‌ಬರ್ನರ್ ಮೂಲಕ ನಡೆಯುತ್ತಿತ್ತು, 2021ರಲ್ಲಿ ಅದರ ಇಮೇಲ್ ಸೇವೆ ನಿಂತಿತು. ಈಗ ಫಾಲೋ ಡಾಟ್ ಇಟ್ ಅನ್ನುವುದನ್ನು ಜೋಡಿಸಬಹುದು. ಇಲ್ಲವಾದರೆ ಸಬ್‌ಸ್ಟ್ಯಾಕಿನಲ್ಲಿ ಪತ್ರದ ರೂಪದಲ್ಲಿ ಕಳಿಸಬಹುದು. ನೀವು ಓದುಗರಿಂದ ಹಣ ಪಡೆಯದಿದ್ದರೆ ಸಬ್‌ಸ್ಟ್ಯಾಕಿನವರೂ ನಿಮ್ಮಿಂದ ಏನೂ ಪಡೆಯುವುದಿಲ್ಲ, ಪಡೆದರೆ ಶೇಕಡಾ 10 ಅವರಿಗೆ. ಯಾವುದೇ ಆಗಲಿ, ಚಂದಾದಾರರ ಇಮೇಲ್ ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳಲು ಬಿಡುತ್ತದಾ ಅಂತ ಮೊದಲೇ ನೋಡಿ. ಮೇಲೆ ಹೇಳಿದ ಪರೀಕ್ಷೆ ಇಲ್ಲಿ ಇನ್ನೂ ಜಾಸ್ತಿ ಮುಖ್ಯ. ಬರಹ ಹೋದರೆ ಮತ್ತೆ ಬರೆಯಬಹುದು, ನಿಮ್ಮನ್ನು ನಂಬಿ ವಿಳಾಸ ಕೊಟ್ಟವರನ್ನು ಮತ್ತೆ ಹುಡುಕುವುದು ಕಷ್ಟ.

ಪ್ರಕಟಿಸಿದ ಮೇಲೆ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಹೋಗಿ ಪುಟ ಉಳಿಸುವ ಪೆಟ್ಟಿಗೆಯಲ್ಲಿ ಪೋಸ್ಟಿನ ವಿಳಾಸ ಹಾಕಿಬಿಡಿ. ನಾನು ಪ್ರತಿ ಪೋಸ್ಟಿಗೂ ಮಾಡುತ್ತೇನೆ. ನಿಮ್ಮ ಕೈಯಲ್ಲಿರುವ ನಕಲಿನ ಜೊತೆ ಇನ್ನೊಂದು ಕಡೆಯೂ ಇರಲಿ.

ಸ್ಪ್ಯಾಮಿಗೆ ಬ್ಲಾಗರ್‌ನ ಕಾಮೆಂಟ್ ಸೆಟ್ಟಿಂಗಿನಲ್ಲಿ "ಕೆಲವೊಮ್ಮೆ" ಅನ್ನುವ ಅರ್ಥದ ಆಯ್ಕೆ ಇದೆ. 14 ದಿನಕ್ಕಿಂತ ಹಳೆಯ ಪೋಸ್ಟುಗಳ ಕಾಮೆಂಟ್ ಮಾತ್ರ ನಿಮ್ಮ ಒಪ್ಪಿಗೆಗೆ ಕಾಯುವ ಹಾಗೆ ಅದರಲ್ಲಿ ಮಾಡಬಹುದು. ಸ್ಪ್ಯಾಮ್ ಜಾಸ್ತಿ ಬೀಳುವುದು ಹಳೆಯ ಪೋಸ್ಟುಗಳಿಗೇ. ಹೊಸ ಪೋಸ್ಟಿನಲ್ಲಿ ಓದುಗರು ಕಾಯದೆ ಮಾತಾಡಲಿ.